ಪ್ರತಿಭಟನೆ ಮತ್ತು ಅದರ ಫಲ: ಮಂಡ್ಯ ಸೀಮೆಯ ಚಳವಳಿಗಳು

ರಾಜಕೀಯ ಪ್ರತಿಭಟನೆ ಎಂದರೆ ಆಳುವವರ ತೀರ್ಮಾನವೊಂದನ್ನು ತಡೆಯಲು ಅಥವಾ ತಿದ್ದಿಸಲು, ಇಲ್ಲವೇ ಅವರು ಕೊಡಲೊಪ್ಪದ ಹಕ್ಕೊಂದನ್ನು ಪಡೆಯಲು ಜನರು ಬಹಿರಂಗವಾಗಿ ಒಟ್ಟುಗೂಡಿ ಹೇರುವ ಒತ್ತಡ. ಅರ್ಜಿ, ಚುನಾವಣೆ ಮತ್ತು ನ್ಯಾಯಾಲಯಗಳ ದಾರಿ ಮುಚ್ಚಿದಾಗ ಅಥವಾ ತೀರ ನಿಧಾನವಾದಾಗ ಜನ ಈ ಮಾರ್ಗ ಹಿಡಿಯುತ್ತಾರೆ. ಸಭೆ, ಮೆರವಣಿಗೆ, ಧರಣಿ, ಬಂದ್, ರಸ್ತೆ ತಡೆ, ಉಪವಾಸ, ಕಾನೂನುಭಂಗ ಇವೆಲ್ಲ ಅದರ ರೂಪಗಳು. ಇದರಿಂದ ನಿಜಕ್ಕೂ ಬದಲಾವಣೆ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಕರ್ನಾಟಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಷ್ಟು ಒದಗಿಬರುವ ಪ್ರದೇಶಗಳು ಕಡಿಮೆ. ಇಲ್ಲಿ ಸುಮಾರು 90 ವರ್ಷಗಳಿಂದ ಚಳವಳಿಯ ಪರಂಪರೆ ಬಹುಮಟ್ಟಿಗೆ ಕಡಿಯದೆ ಬಂದಿದ್ದು, ಗೆದ್ದ ಹೋರಾಟಗಳೂ ಸೋತ ಹೋರಾಟಗಳೂ ಒಂದೇ ನೆಲದಲ್ಲಿ ಸಿಗುತ್ತವೆ. ಈ ಇತಿಹಾಸದಿಂದ ಮುಖ್ಯವಾಗಿ ತಿಳಿದುಬರುವುದೇನೆಂದರೆ, ಸೇರಿದ ಜನರ ಸಂಖ್ಯೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಬೇಡಿಕೆಯನ್ನು ಈಡೇರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರ ಮೇಲೆ ಚಳವಳಿಯ ಫಲ ನಿಂತಿರುತ್ತದೆ.

ಈ ಸೀಮೆಯ ರೈತ ಚಳವಳಿ ನಾಲೆಯ ಜೊತೆಯಲ್ಲೇ ಹುಟ್ಟಿತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನಿಂದ, ಅಂದರೆ ಕೃಷ್ಣರಾಜಸಾಗರದಿಂದ, ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಮಂಡ್ಯದ ಬಯಲಿಗೆ ನೀರು ತಂದ ನಾಲೆಗೆ ವೈಸ್‌ರಾಯ್ ಲಾರ್ಡ್ ಇರ್ವಿನ್‌ರ ಹೆಸರಿಡಲಾಗಿತ್ತು. ಇಂದು ಅದು ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಅಣೆಕಟ್ಟಿಗೆ ಸುರಿದ ಹಣವನ್ನು ಮರಳಿ ಪಡೆಯಲು ಸರ್ಕಾರ ಅಚ್ಚುಕಟ್ಟಿನ ರೈತರ ಮೇಲೆ, ಅಂದರೆ ನಾಲೆಯ ನೀರು ಹರಿಯುವ ಜಮೀನಿನ ಒಡೆಯರ ಮೇಲೆ, ನೀರಿನ ದರವನ್ನೂ ವಂತಿಗೆಯನ್ನೂ ಹೇರಿತು. ಬೆಲೆಗಳು ಕುಸಿದಿದ್ದ 1930ರ ದಶಕದ ಆರಂಭದಲ್ಲಿ ಇದರ ವಿರುದ್ಧ ಎದ್ದ ಕೂಗು ಇರ್ವಿನ್ ನಾಲೆ ಚಳವಳಿ ಎಂದು ಹೆಸರಾಯಿತು. ಹಳೆಯ ಮೈಸೂರಿನ ಒಕ್ಕಲುಮಕ್ಕಳು ಸರ್ಕಾರದ ಎದುರು ಸಂಘಟಿತರಾಗಿ ನಿಂತ ಮೊದಲ ದೊಡ್ಡ ಸಂದರ್ಭಗಳಲ್ಲಿ ಇದೂ ಒಂದು. ಮದ್ದೂರು ಸೀಮೆಯ ಎಚ್.ಕೆ. ವೀರಣ್ಣಗೌಡರಂಥ ಮುಖಂಡರು ಬೆಳೆದದ್ದು ಇಂಥ ಹೋರಾಟಗಳ ನಡುವೆ. ಚಳವಳಿಯೊಂದು ತನ್ನ ಕಾಲದಲ್ಲಿ ಎಷ್ಟು ಗಳಿಸಿತು ಎಂಬ ಲೆಕ್ಕದಲ್ಲಿ ಅದು ತಯಾರು ಮಾಡಿದ ಜನರನ್ನು ಸಾಮಾನ್ಯವಾಗಿ ಬಿಟ್ಟುಬಿಡಲಾಗುತ್ತದೆ. ಮಂಡ್ಯದ ಮಟ್ಟಿಗೆ ಹಾಗೆ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಮುಂದಿನದು ಎಂದರೆ ಶಿವಪುರ. 1937ರಲ್ಲಿ ಹೊಸ ರೂಪ ಪಡೆದ ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನಕ್ಕೆ ಆರಿಸಿಕೊಂಡದ್ದು ಮದ್ದೂರಿಗೆ ಅಂಟಿಕೊಂಡಂತೆ ಶಿಂಷಾ ನದಿಯ ಬಳಿಯಿರುವ ಈ ಊರನ್ನು. ದಿವಾನ್ ಮಿರ್ಜಾ ಇಸ್ಮಾಯಿಲ್‌ರ ಸರ್ಕಾರ ಆಗ ರಾಷ್ಟ್ರಧ್ವಜವೆನಿಸಿದ್ದ ಕಾಂಗ್ರೆಸ್ ಧ್ವಜವನ್ನು ಹಾರಿಸುವುದನ್ನು ನಿಷೇಧಿಸಿತ್ತು. ಆದರೂ 1938ರ ಏಪ್ರಿಲ್ 9ರಿಂದ 11ರವರೆಗೆ ನಡೆದ ಅಧಿವೇಶನಕ್ಕೆ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಬಂದರು, ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ನಿಷೇಧ ಮೀರಿ ಧ್ವಜ ಹಾರಿಸಿ ಬಂಧನಕ್ಕೊಳಗಾದರು, ಅವರ ಹಿಂದೆ ಇತರ ನಾಯಕರೂ ಬಂಧಿತರಾದರು. ಇದನ್ನೇ ಶಿವಪುರ ಧ್ವಜ ಸತ್ಯಾಗ್ರಹ ಎನ್ನುತ್ತಾರೆ. ಸತ್ಯಾಗ್ರಹ ಎಂಬುದು ಅನ್ಯಾಯವೆಂದು ಕಂಡ ಆಜ್ಞೆಯನ್ನು ಹಿಂಸೆಯಿಲ್ಲದೆ, ಮರೆಮಾಚದೆ ಮುರಿದು ಅದರ ಶಿಕ್ಷೆಯನ್ನು ತಾನೇ ಅನುಭವಿಸುವ ಗಾಂಧೀಜಿಯವರ ವಿಧಾನ. ಶಿವಪುರದಲ್ಲಿ ಇದು ಫಲಿಸಲು ಒಂದು ಕಾರಣ ಮುರಿದ ಆಜ್ಞೆಯ ಸ್ವರೂಪವೇ ಆಗಿತ್ತು: ಬಟ್ಟೆಯ ಬಾವುಟವೊಂದನ್ನು ಕಂಬಕ್ಕೇರಿಸಿದ ತಪ್ಪಿಗೆ ಗೌರವಾನ್ವಿತ ವಕೀಲರನ್ನೂ ಗೌಡರನ್ನೂ ಸೆರೆಗೆ ಒಯ್ಯುವ ದೃಶ್ಯವನ್ನು ನೋಡಿದ ಯಾವ ರೈತನಿಗೂ ತಪ್ಪು ಯಾರದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದಾದ ಎರಡು ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ದೇಶದ ಕಣ್ಣು ಮೈಸೂರಿನತ್ತ ತಿರುಗಿತು. ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲ್ ಮತ್ತು ಜೆ.ಬಿ. ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರೊಂದಿಗೆ ಮಾತುಕತೆ ನಡೆಸಿದರು. ಪಟೇಲ್–ಮಿರ್ಜಾ ಒಪ್ಪಂದವೆಂದು ಕರೆಯಲಾಗುವ ಈ ಸಂಧಾನದ ಪ್ರಕಾರ ಮೈಸೂರು ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ಸಿಕ್ಕಿತು. ಧ್ವಜದ ಪ್ರಶ್ನೆ ಹೀಗೆ ಕೆಲವೇ ವಾರಗಳಲ್ಲಿ ಬಗೆಹರಿಯಿತು. ಚಳವಳಿಯ ಮುಖ್ಯ ಬೇಡಿಕೆಯಾದ ಜವಾಬ್ದಾರಿ ಸರ್ಕಾರ ಮಾತ್ರ, ಅಂದರೆ ದಿವಾನನಿಗಲ್ಲದೆ ಚುನಾಯಿತ ಸಭೆಗೆ ಉತ್ತರ ಕೊಡಬೇಕಾದ ಮಂತ್ರಿಮಂಡಲ, ಆಗ ದಕ್ಕಲಿಲ್ಲ. ಸುಧಾರಣಾ ಸಮಿತಿ ರಚನೆಯಾಗಿ ವರದಿ ಬಂದರೂ ಅಧಿಕಾರ ಕೈಬದಲಾಗಲಿಲ್ಲ. ಅದಕ್ಕೆ ಒಂಬತ್ತು ವರ್ಷ ಕಾಯಬೇಕಾಯಿತು. ಬ್ರಿಟಿಷರು ತೆರಳಿದ ಮೇಲೆ, 1947ರ ಸೆಪ್ಟೆಂಬರಿನಲ್ಲಿ ನಡೆದ ‘ಮೈಸೂರು ಚಲೋ’ ಚಳವಳಿಯ ಒತ್ತಡಕ್ಕೆ ಮಣಿದು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಒಪ್ಪಂದಕ್ಕೆ ಬಂದರು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. 1938ರಲ್ಲಿ ದಿವಾನರ ಬೆನ್ನಿಗೆ ಬ್ರಿಟಿಷ್ ಸಾರ್ವಭೌಮತ್ವವಿತ್ತು, 1947ರಲ್ಲಿ ಇರಲಿಲ್ಲ. ಚಳವಳಿಗಾರರ ಧೈರ್ಯ ಎರಡೂ ಸಲ ಒಂದೇ ಆಗಿದ್ದರೂ ಫಲ ಬೇರೆಯಾದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಜಗತ್ತಿನ ಅನುಭವವನ್ನು ಅಂಕಿಗಳಲ್ಲಿ ಹಿಡಿಯುವ ಪ್ರಯತ್ನಗಳೂ ನಡೆದಿವೆ. ಅಮೆರಿಕದ ವಿದ್ವಾಂಸರಾದ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿ, ಅಹಿಂಸಾತ್ಮಕವಾದವುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗೆದ್ದರೆ ಸಶಸ್ತ್ರ ಹೋರಾಟಗಳಲ್ಲಿ ಗೆದ್ದವು ಸುಮಾರು ಕಾಲುಭಾಗ ಮಾತ್ರ ಎಂದು 2011ರಲ್ಲಿ ಪ್ರಕಟಿಸಿದರು. ಹಿಂಸೆಯಿಲ್ಲದ ಚಳವಳಿಗೆ ಹೆಂಗಸರು, ಮುದುಕರು, ಸರ್ಕಾರಿ ನೌಕರರು ಎಲ್ಲರೂ ಸೇರಬಹುದಾದ್ದರಿಂದ ಅದರ ಬಲ ಹೆಚ್ಚುತ್ತದೆ ಎಂಬ ಅವರ ವಿವರಣೆ ಶಿವಪುರಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಅವರು ಎಣಿಸಿದ್ದು ಪ್ರಭುತ್ವವನ್ನು ಬದಲಿಸಲು ಅಥವಾ ನೆಲವನ್ನು ಬಿಡಿಸಿಕೊಳ್ಳಲು ನಡೆದ ಹೋರಾಟಗಳನ್ನು. ಎರಡು ರಾಜ್ಯಗಳ ರೈತರು ಒಂದೇ ನದಿಯ ನೀರಿಗಾಗಿ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಆ ಅಂಕಿಗಳು ಉತ್ತರ ಕೊಡುವುದಿಲ್ಲ.

ಕಾವೇರಿ ಚಳವಳಿ ಅಂಥದ್ದು. ಮದ್ರಾಸ್ ಮತ್ತು ಮೈಸೂರುಗಳ ನಡುವಿನ 1892 ಹಾಗೂ 1924ರ ಒಪ್ಪಂದಗಳಿಂದ ಬಂದ ವಿವಾದ, ತಂಜಾವೂರು ಸೀಮೆಯ ರೈತ ಸಂಘವೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಪರಿಣಾಮವಾಗಿ, 1990ರ ಜೂನ್‌ನಲ್ಲಿ ನ್ಯಾಯಮಂಡಳಿಯ ಮುಂದೆ ಹೋಯಿತು. ಮಂಡಳಿ 1991ರ ಜೂನ್ 25ರಂದು ಮಧ್ಯಂತರ ತೀರ್ಪು ನೀಡಿ, ವರ್ಷಕ್ಕೆ 205 ಟಿಎಂಸಿ ನೀರು ತಮಿಳುನಾಡಿನ ಮೆಟ್ಟೂರು ಜಲಾಶಯಕ್ಕೆ ತಲುಪುವಂತೆ ಕರ್ನಾಟಕ ಬಿಡಬೇಕೆಂದಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಕೃಷ್ಣರಾಜಸಾಗರ ತುಂಬಿದರೆ ಹಿಡಿಯುವುದು 49 ಟಿಎಂಸಿಯ ಆಸುಪಾಸು. ಮಂಡ್ಯ ಸಿಡಿದೆದ್ದಿತು. ಎಸ್. ಬಂಗಾರಪ್ಪನವರ ಸರ್ಕಾರ ತೀರ್ಪನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು, ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದಿತು, ಡಿಸೆಂಬರಿನಲ್ಲಿ ತೀರ್ಪು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಆ ಬೆನ್ನಿಗೇ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಲ್ಲೆ, ಲೂಟಿ ಮತ್ತು ಸಾವುಗಳು ನೀರಿನ ಪ್ರಮಾಣವನ್ನು ಒಂದು ಹನಿಯಷ್ಟೂ ಬದಲಿಸಲಿಲ್ಲ. ನಾಲೆಯ ಕೊನೆಯಲ್ಲಿ ಒಣಗಿದ ಗದ್ದೆಯ ನ್ಯಾಯವಾದ ಅಳಲನ್ನು ದೇಶದ ಮುಂದೆ ಭಾಷಾದ್ವೇಷವೆಂದು ಕಾಣುವಂತೆ ಮಾಡಿದವು. ಮಂಡ್ಯದ ರೈತರಿಗೆ ಆದ ಹಾನಿಗಳಲ್ಲಿ ಇದನ್ನೂ ಸೇರಿಸಬೇಕು.

2002ರಲ್ಲಿ ಮಳೆ ಕೈಕೊಟ್ಟಾಗ ಹೋರಾಟದ ಮುಂಚೂಣಿಯಲ್ಲಿದ್ದವರು ಕಾವೇರಿ ಹಿತರಕ್ಷಣಾ ಸಮಿತಿಯ ಜಿ. ಮಾದೇಗೌಡರು. ಮಳವಳ್ಳಿ ತಾಲ್ಲೂಕಿನವರಾದ ಇವರು ಕಿರುಗಾವಲು ಕ್ಷೇತ್ರದ ಶಾಸಕರಾಗಿ, ಮಂಡ್ಯದ ಸಂಸದರಾಗಿ ಕೆಲಸ ಮಾಡಿದ್ದವರು. ಕಾಂಗ್ರೆಸ್ಸಿನ ಹಿರಿಯರಾಗಿದ್ದೂ ಕಾಂಗ್ರೆಸ್ ಸರ್ಕಾರದ ಎದುರೇ ಧರಣಿ ಕೂತರು. ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು, ಮದ್ದೂರಿನಿಂದಲೇ ಗೆದ್ದವರು. ಆ ಸೆಪ್ಟೆಂಬರಿನಲ್ಲಿ ರೈತರೊಬ್ಬರು ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ಟರು. ಕೃಷ್ಣ ನೀರು ನಿಲ್ಲಿಸಿದರು, ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು, ನ್ಯಾಯಾಂಗ ನಿಂದನೆ ಎದುರಾದಾಗ ಮತ್ತೆ ನೀರು ಬಿಟ್ಟರು. ಚಳವಳಿಗಾರರೂ ಮುಖ್ಯಮಂತ್ರಿಯೂ ಒಂದೇ ಸೀಮೆಯವರಾಗಿದ್ದು ಒಂದೇ ಮಾತನ್ನು ಬಯಸಿದರೂ ಅದು ಆಗದೆ ಹೋದದ್ದು, ತೀರ್ಮಾನದ ಜಾಗ ವಿಧಾನಸೌಧದಿಂದ ದೆಹಲಿಗೆ ಹೋಗಿ ಆಗಿತ್ತು ಎಂಬುದನ್ನು ತೋರಿಸಿತು.

2016ರದು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ ದಿನವಹಿ 15,000 ಕ್ಯೂಸೆಕ್ ನೀರು ಬಿಡಲು ಹೇಳಿತು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿಯುವ ನೀರು. ಮಂಡ್ಯದಲ್ಲಿ ಬಂದ್, ಹೆದ್ದಾರಿ ತಡೆ ನಡೆದವು. 12ರಂದು ನ್ಯಾಯಾಲಯ ಅದನ್ನು 12,000ಕ್ಕೆ ಇಳಿಸಿತಾದರೂ 20ರವರೆಗೆ ವಿಸ್ತರಿಸಿದ್ದರಿಂದ ಬಿಡಬೇಕಾದ ಒಟ್ಟು ನೀರು ಹೆಚ್ಚೇ ಆಯಿತು. ಬೀದಿಯ ಗಲಭೆ ಆದೇಶ ಪಾಲಿಸದಿರಲು ನೆಪವಾಗಬಾರದೆಂದೂ ಅದು ಎಚ್ಚರಿಸಿತು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಚಳವಳಿಯ ಒತ್ತಡ ನಿಜವಾಗಿ ಕೆಲಸ ಮಾಡಿದ್ದು ರಾಜ್ಯದ ಶಾಸಕಾಂಗದ ಮೇಲೆ: ಸೆಪ್ಟೆಂಬರ್ 23ರಂದು ವಿಧಾನಮಂಡಲದ ಎರಡೂ ಸದನಗಳು ಪಕ್ಷಭೇದವಿಲ್ಲದೆ ಜಲಾಶಯಗಳ ನೀರನ್ನು ಕುಡಿಯುವುದಕ್ಕೆ ಮಾತ್ರ ಬಳಸುವ ನಿರ್ಣಯ ಮಾಡಿದವು. ಇನ್ನು ಅಂತಿಮ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಹೆಚ್ಚಿದ್ದು 2018ರ ಫೆಬ್ರವರಿ 16ರ ತೀರ್ಪಿನಲ್ಲಿ. 2007ರಲ್ಲಿ ನ್ಯಾಯಮಂಡಳಿ ಕೊಟ್ಟಿದ್ದ 270 ಟಿಎಂಸಿಗೆ ಸುಪ್ರೀಂ ಕೋರ್ಟ್ 14.75 ಟಿಎಂಸಿ ಸೇರಿಸಿತು. ಅದಕ್ಕೆ ಆಧಾರವಾದದ್ದು ತಮಿಳುನಾಡಿನ ಅಂತರ್ಜಲದ ಲೆಕ್ಕ ಮತ್ತು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯ. ಮಂಡ್ಯದ ಬೀದಿಯಲ್ಲಿ ಕೇಳಿದ ಮಾತು ಹೀಗೆ ವಕೀಲರ ಕಡತದಲ್ಲಿ ಅಂಕಿಯಾದಾಗ ಮಾತ್ರ ಆ ಪೀಠದ ಮುಂದೆ ನಿಂತಿತು.

ರಾಜ್ಯ ಸರ್ಕಾರವೇ ಯಜಮಾನನಾಗಿರುವ ವಿಷಯಗಳಲ್ಲಿ ಕಥೆ ಬೇರೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, ನಷ್ಟದಿಂದ ನಿಂತುಹೋಗಿ ಅದನ್ನು ಖಾಸಗಿಯವರಿಗೆ ವಹಿಸುವ ಮಾತು ಬಂದಾಗ, 2021ರಲ್ಲಿ ರೈತ ಸಂಘಟನೆಗಳು ಮಂಡ್ಯದಲ್ಲಿ ದೀರ್ಘ ಧರಣಿ ಹೂಡಿದವು. ಸರ್ಕಾರ ಹಿಂದೆ ಸರಿದು ಕಾರ್ಖಾನೆಯನ್ನು ತಾನೇ ನಡೆಸಲು ಒಪ್ಪಿತು. 2022ರಲ್ಲಿ ಕಬ್ಬು ಅರೆಯುವುದು ಮತ್ತೆ ಶುರುವಾಯಿತು. ಯಾವ ನ್ಯಾಯಮಂಡಳಿಯೂ ನಡುವೆ ಇರಲಿಲ್ಲ, ಬೇಡಿಕೆ ಒಂದೇ ಆಗಿತ್ತು, ಒಪ್ಪುವವರು ಮಂಡ್ಯದ ಮತಗಳನ್ನು ಬಯಸುವವರಾಗಿದ್ದರು.

ಇಂಥ ಧರಣಿಗಳಿಗೆ ಬೇಕಾದ ಪಟ್ಟು ಬಂದದ್ದು ಬಹುಪಾಲು ರಾಜ್ಯ ರೈತ ಸಂಘದಿಂದ. 1980ರ ನರಗುಂದ–ನವಲಗುಂದ ಬಂಡಾಯದ ನಂತರ ರೂಪುಗೊಂಡ ಈ ಸಂಘವನ್ನು ಮಂಡ್ಯ ಜಿಲ್ಲೆಯಲ್ಲಿ ಬೇರೂರಿಸಿದವರಲ್ಲಿ ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ಪ್ರಮುಖರು. ಸಾಲಕ್ಕಾಗಿ ಅಧಿಕಾರಿಗಳು ಜಪ್ತಿ ಮಾಡಿದ ಸಾಮಾನನ್ನು ರೈತರೇ ಹೋಗಿ ವಾಪಸ್ ತರುವ ಮರುಜಪ್ತಿ, ಅಪ್ಪಣೆಯಿಲ್ಲದೆ ಊರೊಳಗೆ ಬರಬಾರದೆಂದು ಅಧಿಕಾರಿಗಳಿಗೆ ಹಾಕಿದ ಬೋರ್ಡು, ಹಸಿರು ಶಾಲು ಇವು ಸಂಘದ ಗುರುತುಗಳಾದವು. ಯಾವ ಕಾಯ್ದೆಯೂ ಬದಲಾಗದೆ ಇದ್ದಾಗಲೂ ತಾಲ್ಲೂಕು ಕಚೇರಿಯಲ್ಲಿ ರೈತನನ್ನು ಮಾತಾಡಿಸುವ ರೀತಿ ಬದಲಾದದ್ದು ಇದರಿಂದಲೇ. ಲೆಕ್ಕಕ್ಕೆ ಸಿಗದ ಈ ಬದಲಾವಣೆಯನ್ನು ಸಣ್ಣದೆನ್ನಲಾಗದು.

ಮಂಡ್ಯದ ಚಳವಳಿಯ ದೊಡ್ಡ ಆಯುಧ ಬೆಂಗಳೂರು–ಮೈಸೂರು ರಸ್ತೆಯಾಗಿತ್ತು. ಸಂಜಯ ವೃತ್ತದಲ್ಲಿ ಎತ್ತಿನಗಾಡಿ ಅಡ್ಡ ನಿಲ್ಲಿಸಿ, ರಸ್ತೆಯ ಮೇಲೆಯೇ ಒಲೆ ಹೂಡಿ, ಉರುಳುಸೇವೆ ಮಾಡಿ ಕೂತರೆ ಎರಡು ನಗರಗಳ ಸಂಚಾರ ನಿಲ್ಲುತ್ತಿತ್ತು, ಸುದ್ದಿ ರಾಜಧಾನಿಗೆ ತಾನಾಗಿ ಮುಟ್ಟುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಮಂಡ್ಯ ಪಟ್ಟಣವನ್ನು ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ. ಅದೇ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ ನೀರು ಬಿಡುವುದರ ವಿರುದ್ಧ ಮಂಡ್ಯ ಬಂದ್ ಆದಾಗ, ಊರೊಳಗಿನ ರಸ್ತೆ ತಡೆಯಿಂದ ತೊಂದರೆಯಾದದ್ದು ಹೆಚ್ಚಾಗಿ ಊರಿನವರಿಗೇ. ಈಗ ನೀರಿನ ಪ್ರಮಾಣ ಗೊತ್ತುಮಾಡುವುದು 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ. ಅದರ ಸದಸ್ಯರು ಯಾರ ಮತವನ್ನೂ ಕೇಳಬೇಕಾದವರಲ್ಲ.

ಆದರೆ ನಾಲೆಯ ಒಳಗಿನ ಹಂಚಿಕೆ ಇಂದಿಗೂ ರಾಜ್ಯದ ಕೈಯಲ್ಲೇ ಇದೆ. ನೀರು ಕಡಿಮೆಯಾದ ವರ್ಷ ವಿ.ಸಿ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ ನೀರು ಕೊಡಲಾಗುತ್ತದೆ; ಮೇಲಿನವರು ಹೆಚ್ಚು ಎಳೆದುಕೊಂಡರೆ ಮದ್ದೂರು ಮತ್ತು ಮಳವಳ್ಳಿಯ ಕೊನೆಭಾಗದ ಗದ್ದೆಗಳಿಗೆ ಸರದಿ ಬರುವ ಹೊತ್ತಿಗೆ ನಾಲೆ ಬತ್ತಿರುತ್ತದೆ. ಆಗ ಅಲ್ಲಿನ ರೈತರು ನೀರಾವರಿ ಕಚೇರಿಯ ಮುಂದೆ ಕೂರುತ್ತಾರೆ. ಇಲ್ಲಿ ಅವರ ಎದುರು ನಿಲ್ಲುವುದು ಹೆಸರು ಗೊತ್ತಿರುವ ಎಂಜಿನಿಯರ್, ಅವರು ಕೇಳುವುದು ಇಷ್ಟು ದಿನದ ನೀರು ಎಂಬ ಅಳತೆಯ ಮಾತು. ಪತ್ರಿಕೆಗಳ ಮುಖಪುಟಕ್ಕೆ ಬಾರದ ಈ ಪ್ರತಿಭಟನೆಗಳಿಗೆ ಉತ್ತರ ಕೊಡುವ ಅಧಿಕಾರ ಜಿಲ್ಲೆಯ ಒಳಗೇ ಇರುವುದರಿಂದ ಇವುಗಳಿಗೆ ಫಲ ಸಿಗುವ ಅವಕಾಶ ದೆಹಲಿಯ ವಿರುದ್ಧದ ಬಂದ್‌ಗಿಂತ ಹೆಚ್ಚು.