ಎರಡು ತಟ್ಟೆಗಳ ಕಾಳಗ

ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿಯ ಮನೆಯ ಅಟ್ಟದ ಮೇಲೋ ಕಪಾಟಿನ ಮೂಲೆಯಲ್ಲೋ ಒಂದು ರಟ್ಟಿನ ಪೆಟ್ಟಿಗೆ ಇದ್ದೇ ಇರುತ್ತದೆ. ಮದುವೆಯ ಕ್ಯಾಸೆಟ್ಟು, ಮುಂಜಿಯ ಸೀಡಿ, ರಾಜ್‌ಕುಮಾರ್ ಚಿತ್ರಗಳ ವೀಸೀಡಿ, ಊರ ಜಾತ್ರೆಯ ಡಿವಿಡಿ, ಹೀಗೆ ಒಂದು ಸಂಸಾರದ ಮೂವತ್ತು ನಲವತ್ತು ವರ್ಷಗಳ ಚರಿತ್ರೆ ಅದರಲ್ಲಿ ತುಂಬಿರುತ್ತದೆ. ಆದರೆ ಒಂದು ಜಾತಿಯ ತಟ್ಟೆ ಮಾತ್ರ ನಮ್ಮಲ್ಲಿ ಯಾರ ಪೆಟ್ಟಿಗೆಯಲ್ಲೂ ಸಿಗುವುದು ಅಪರೂಪ. ಅದರ ಹೆಸರು ಎಚ್‌ಡಿ ಡಿವಿಡಿ. 2006ರಲ್ಲಿ ಮಾರುಕಟ್ಟೆಗೆ ಬಂದು 2008ರಲ್ಲಿ ಅದು ತೀರಿಕೊಂಡಿತು. ಅದರ ಅಲ್ಪಾಯುಷ್ಯದ ಕಥೆಯನ್ನೂ, ಅದರಿಂದ ನಮ್ಮಂಥ ಪರಸ್ಥಳದ ಸಂಸಾರಗಳು ಕಲಿಯಬೇಕಾದ ಒಂದು ಪಾಠವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ತಟ್ಟೆ ಕೆಲಸ ಮಾಡುವ ರೀತಿಯನ್ನು ನೋಡೋಣ. ಸೀಡಿಯ ಮೇಲೆ ಸುರುಳಿ ಸುರುಳಿಯಾಗಿ ಅತಿ ಸಣ್ಣ ಗುಳಿಗಳಿರುತ್ತವೆ. ಲೇಸರ್ ಕಿರಣ ಅವುಗಳ ಮೇಲೆ ಬಿದ್ದು ಹಿಂದಿರುಗುವಾಗ ಗುಳಿ ಇದೆಯೇ ಇಲ್ಲವೇ ಎಂಬುದನ್ನು ಯಂತ್ರ ಓದಿಕೊಳ್ಳುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಚೇರಿಯಲ್ಲಿ ರಿಜಿಸ್ಟರುಗಳನ್ನು ಕೈಯಿಂದಲೇ ಬರೆಯುತ್ತಿದ್ದೆವು. ದಪ್ಪ ಮೊನೆಯ ಪೆನ್ನಿನಲ್ಲಿ ಒಂದು ಪುಟಕ್ಕೆ ಇಪ್ಪತ್ತು ಸಾಲು ಹಿಡಿದರೆ ಸಣ್ಣ ಮೊನೆಯಲ್ಲಿ ನಲವತ್ತು ಹಿಡಿಯುತ್ತಿತ್ತು. ಲೇಸರಿನ ಮೊನೆಯೆಂದರೆ ಅದರ ತರಂಗಾಂತರ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ತಂದ ಸೀಡಿಗೆ 780 ನ್ಯಾನೊಮೀಟರಿನ ಕಿರಣ. 1996ರ ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಕಿರಣ. ಸೀಡಿಯಲ್ಲಿ ಸುಮಾರು 700 ಮೆಗಾಬೈಟ್ ಹಿಡಿದರೆ, ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಯಿತು.

ಇನ್ನೂ ಸಣ್ಣ ಮೊನೆ ಬೇಕೆಂದರೆ ನೀಲಿ ಬೆಳಕು ಬೇಕು. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಾಕಾಮುರಾ ಅವರು 1990ರ ದಶಕದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ದೀಪವನ್ನೂ, ಅನಂತರ ನೀಲಿ-ನೇರಳೆ ಲೇಸರನ್ನೂ ಸಾಧಿಸಿದರು. ನೀಲಿ ದೀಪಕ್ಕಾಗಿ 2014ರಲ್ಲಿ ಅವರಿಗೂ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. 405 ನ್ಯಾನೊಮೀಟರಿನ ಈ ಕಿರಣದಿಂದ ಹೊಸ ಪೀಳಿಗೆಯ ತಟ್ಟೆಯನ್ನು ಮಾಡಬಹುದೆಂದು ಎಲ್ಲರಿಗೂ ಗೊತ್ತಾಯಿತು. ಜಗಳ ಶುರುವಾದದ್ದು ಇಲ್ಲಿಂದಲೇ.

2002ರ ಫೆಬ್ರವರಿ 19ರಂದು ಸೋನಿ, ಮಾತ್ಸುಶಿತಾ, ಫಿಲಿಪ್ಸ್, ಥಾಮ್ಸನ್ ಮುಂತಾದ ಒಂಬತ್ತು ಕಂಪನಿಗಳು ಸೇರಿ ಬ್ಲೂ-ರೇ ಎಂಬ ತಟ್ಟೆಯನ್ನು ಘೋಷಿಸಿದವು. ಅದೇ ವರ್ಷ ತೋಶಿಬಾ ಮತ್ತು ಎನ್‌ಇಸಿ ಕಂಪನಿಗಳು ತಮ್ಮದೇ ಬೇರೆ ತಟ್ಟೆಯನ್ನು ಮುಂದಿಟ್ಟವು. ಮುಂದೆ ಇದಕ್ಕೆ ಎಚ್‌ಡಿ ಡಿವಿಡಿ ಎಂದು ಹೆಸರಾಯಿತು. ಎರಡಕ್ಕೂ ಕಿರಣ ಒಂದೇ, ತಟ್ಟೆಯ ಅಗಲವೂ ಒಂದೇ. ವ್ಯತ್ಯಾಸವಿದ್ದದ್ದು ಗುಳಿಗಳ ಪದರ ಎಷ್ಟು ಆಳದಲ್ಲಿ ಇರಬೇಕೆಂಬುದರಲ್ಲಿ. ಬ್ಲೂ-ರೇಯಲ್ಲಿ ಅದು ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗೆ. ಆದ್ದರಿಂದ ಕಿರಣವನ್ನು ಇನ್ನಷ್ಟು ಚೂಪಾಗಿ ಹಿಡಿಯಬಹುದಾಗಿ ಒಂದು ಪದರಕ್ಕೆ 25 ಗಿಗಾಬೈಟ್ ಹಿಡಿಯಿತು. ಎಚ್‌ಡಿ ಡಿವಿಡಿಯಲ್ಲಿ ಹಳೆಯ ಡಿವಿಡಿಯಂತೆಯೇ 0.6 ಮಿಲಿಮೀಟರ್, ಹಿಡಿದದ್ದು 15 ಗಿಗಾಬೈಟ್. ಆದರೆ ಡಿವಿಡಿ ಅಚ್ಚು ಹಾಕುವ ಹಳೆಯ ಯಂತ್ರಗಳನ್ನೇ ಸ್ವಲ್ಪ ತಿದ್ದಿ ಇದನ್ನು ತಯಾರಿಸಬಹುದಿತ್ತು. ಬ್ಲೂ-ರೇಗಾದರೋ ಹೊಸ ಯಂತ್ರಗಳೇ ಬೇಕು. ಒಬ್ಬರದು ಹೆಚ್ಚು ಹಿಡಿಯುವ ತಟ್ಟೆ, ಇನ್ನೊಬ್ಬರದು ಅಗ್ಗದಲ್ಲಿ ಆಗುವ ತಟ್ಟೆ. ಎರಡು ಪಕ್ಷದಲ್ಲೂ ನ್ಯಾಯವಿತ್ತು.

1995ರಲ್ಲಿ ಡಿವಿಡಿಯ ವಿಷಯದಲ್ಲೂ ಇಂಥದೇ ಎರಡು ಬಣಗಳಿದ್ದವು. ಆಗ ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಒತ್ತಾಯ ಮಾಡಿ ಇಬ್ಬರನ್ನೂ ಒಂದು ಮಾಡಿದ್ದವು. ಈ ಬಾರಿ 2005ರಲ್ಲಿ ನಡೆದ ಸಂಧಾನ ಮುರಿದುಬಿತ್ತು. ಒಂದೊಂದು ತಟ್ಟೆಯ ಮೇಲೂ ರಾಯಧನ ಬರುವಾಗ ಕೈಬಿಡುವವರು ಯಾರು?

2006ರ ಮಾರ್ಚಿಯಲ್ಲಿ ಜಪಾನಿನಲ್ಲಿ ಎಚ್‌ಡಿ ಡಿವಿಡಿ ಮಾರಾಟಕ್ಕೆ ಬಂತು. ಏಪ್ರಿಲಿನಲ್ಲಿ ಅಮೆರಿಕದಲ್ಲಿ 499 ಡಾಲರಿಗೆ ಪ್ಲೇಯರ್ ಸಿಕ್ಕಿತು. ಜೂನಿನಲ್ಲಿ ಅಲ್ಲಿಗೆ ಬಂದ ಬ್ಲೂ-ರೇ ಪ್ಲೇಯರಿನ ಬೆಲೆ 999 ಡಾಲರ್. ಬೆಲೆ ನೋಡಿದರೆ ತೋಶಿಬಾ ಗೆಲ್ಲಬೇಕಿತ್ತು. ಆದರೆ ಸೋನಿ ತನ್ನ ಪ್ಲೇಸ್ಟೇಷನ್ 3 ಆಟದ ಯಂತ್ರದೊಳಗೇ ಬ್ಲೂ-ರೇಯನ್ನು ಕೂರಿಸಿ ಆ ನವೆಂಬರಿನಲ್ಲಿ ಬಿಟ್ಟಿತು. ಮಕ್ಕಳ ಆಟಕ್ಕೆಂದು ಕೊಂಡವರ ಮನೆಗೆ ಹೊಸ ತಟ್ಟೆಯ ಯಂತ್ರ ತಾನಾಗಿಯೇ ಹೊಕ್ಕಿತು. ಎದುರು ಪಕ್ಷದ ಮೈಕ್ರೋಸಾಫ್ಟ್ ತನ್ನ ಆಟದ ಯಂತ್ರಕ್ಕೆ ಎಚ್‌ಡಿ ಡಿವಿಡಿ ಡ್ರೈವನ್ನು ಪ್ರತ್ಯೇಕವಾಗಿ 199 ಡಾಲರಿಗೆ ಮಾರಿತು. ಹಾಲಿವುಡ್ಡಿನ ಸ್ಟುಡಿಯೋಗಳೂ ಇಬ್ಭಾಗವಾದವು. 2008ರ ಜನವರಿ 4ರಂದು ವಾರ್ನರ್ ಕಂಪನಿ ಇನ್ನು ಮುಂದೆ ತನ್ನದು ಬ್ಲೂ-ರೇ ಮಾತ್ರ ಎಂದಿತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಅದೇ ದಾರಿ ಹಿಡಿದವು. ಫೆಬ್ರವರಿ 19ರಂದು, ಎಂದರೆ ಬ್ಲೂ-ರೇ ಘೋಷಣೆಯಾಗಿ ಸರಿಯಾಗಿ ಆರು ವರ್ಷಕ್ಕೆ, ತೋಶಿಬಾ ಸೋಲೊಪ್ಪಿಕೊಂಡಿತು. ಮರುವರ್ಷ ಅದೇ ಕಂಪನಿ ಬ್ಲೂ-ರೇ ಪ್ಲೇಯರುಗಳನ್ನು ಮಾರಲು ತೊಡಗಿತು!

ಈ ಕಾಳಗದ ಎರಡೂ ಕಡೆಯವರ ನಂಟು ನಮ್ಮ ಪಕ್ಕದ ಊರಿಗೂ ಇತ್ತೆಂಬುದು ಕೆಲವರಿಗೆ ತಿಳಿಯದು. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಾದ ಔರಂಗಾಬಾದಿನಿಂದ ಪೈಠಣದ ಕಡೆಗೆ ಹೋದರೆ ಹದಿನಾಲ್ಕನೆಯ ಕಿಲೋಮೀಟರಿನ ಹತ್ತಿರ ಚಿತೇಗಾಂವ್ ಸಿಗುತ್ತದೆ. ವಿಡಿಯೋಕಾನ್ ಕಂಪನಿಯ ಟಿವಿ ಕಾರ್ಖಾನೆ ಇದ್ದದ್ದು ಅಲ್ಲಿಯೇ. 1980ರ ದಶಕದಲ್ಲಿ ಬಣ್ಣದ ಟಿವಿ ತಯಾರಿಕೆಗೆ ಅದು ತಾಂತ್ರಿಕ ಸಹಯೋಗ ಪಡೆದದ್ದು ತೋಶಿಬಾದಿಂದ. 2005ರಲ್ಲಿ ಚಿತ್ರನಳಿಕೆಯ ಕಾರ್ಖಾನೆಗಳನ್ನು ಕೊಂಡದ್ದು ಥಾಮ್ಸನ್‌ನಿಂದ. ಒಬ್ಬರು ಸೋತ ಪಕ್ಷ, ಇನ್ನೊಬ್ಬರು ಗೆದ್ದ ಪಕ್ಷ. ಆದರೆ ಅಷ್ಟರಲ್ಲಿ ಚಪ್ಪಟೆ ಟಿವಿ ಬಂದು ಚಿತ್ರನಳಿಕೆಯ ಕಾಲವೇ ಮುಗಿಯುತ್ತಿತ್ತು. 2018ರಲ್ಲಿ ವಿಡಿಯೋಕಾನ್ ದಿವಾಳಿ ಕಾನೂನಿನ ಪ್ರಕ್ರಿಯೆಗೆ ಒಳಗಾಯಿತು.

ದೂರದಲ್ಲಿ ಯುದ್ಧ ನಡೆಯುತ್ತಿದ್ದ 2007ರಲ್ಲಿ ನಮ್ಮ ದೇಶದಲ್ಲಿ ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವೀಸೀಡಿ, 34 ರೂಪಾಯಿಗೆ ಡಿವಿಡಿ ಮಾರಲು ಹೊರಟಿತ್ತು. ಅದೇ ವರ್ಷ ನಾಸಿಕದಲ್ಲಿ ನಮ್ಮ ತಂದೆಯವರ ಷಷ್ಟ್ಯಬ್ದಿ ನಡೆಯಿತು. ವಿಡಿಯೋದವನಿಂದ ಡಿವಿಡಿ ಮಾಡಿಸಿದೆವು. ಔರಂಗಾಬಾದಿನಲ್ಲಿದ್ದ ನನ್ನ ಸೋದರತ್ತೆ ಮಾತ್ರ, "ನಮ್ಮನ್ಯಾಗ ಹೊಸಾ ಮಷೀನು ಇಲ್ಲಪಾ, ನನಗ ಸಾದಾ ಸೀಡೀನ ಮಾಡಿಸಿಕೊಡು" ಎಂದರು. ಅವರಿಗಾಗಿ ಮೂರು ವೀಸೀಡಿ ಬೇರೆ ಮಾಡಿಸಿದ್ದಾಯಿತು. ಚಿತ್ರ ಮಂಕಾಗಿ ಬಂತೆಂದು ನಾನು ನಕ್ಕಿದ್ದೂ ನೆನಪಿದೆ.

ತಂದೆಯವರು 2014ರಲ್ಲಿ ತೀರಿಕೊಂಡರು. 2020ರಲ್ಲಿ, ಎಲ್ಲರೂ ಮನೆಯಲ್ಲಿ ಕುಳಿತ ದಿನಗಳಲ್ಲಿ, ಅಜ್ಜನ ಮುಖ ನೆನಪಿಲ್ಲದ ಮಗಳಿಗೆ ತೋರಿಸೋಣವೆಂದು ಡಿವಿಡಿ ಹಾಕಿದೆ. ಹನ್ನೊಂದು ನಿಮಿಷಕ್ಕೆ ನಿಂತುಹೋಯಿತು. ಮನೆಯಲ್ಲಿ ಬರೆಯುವ ತಟ್ಟೆಯಲ್ಲಿ ಅಚ್ಚಿನ ಗುಳಿಗಳಿರುವುದಿಲ್ಲ, ಬಣ್ಣದ ಲೇಪನವಿರುತ್ತದೆ. ಬಿಸಿಲಿಗೆ, ಸೆಕೆಗೆ ಅದು ಕೆಡುತ್ತದೆ. ಮೂಲ ಟೇಪನ್ನು ವಿಡಿಯೋದವನು ಅಂದೇ ಬೇರೆ ಮದುವೆಗೆ ಬಳಸಿಬಿಟ್ಟಿದ್ದ. ಆಶೀರ್ವಾದವೆಲ್ಲ ಮುಗಿದ ಮೇಲೆ ತಂದೆಯವರು ಎದ್ದು ನಿಂತು, ವಿಜಾಪುರ ಬಿಟ್ಟು ಒಂದು ಟ್ರಂಕಿನೊಡನೆ ನಾಸಿಕ ರೋಡ್ ಸ್ಟೇಷನ್ನಿನಲ್ಲಿ ಇಳಿದ ದಿನವನ್ನು ಹೇಳಿದ್ದರು. ಆ ಮಾತು ಹೋಯಿತೆಂದೇ ತಿಳಿದೆ.

ಓಡಾಟ ಶುರುವಾದ ಮೇಲೆ ಅತ್ತೆಯ ಮನೆಗೆ ಹೋದಾಗ ಅವರು ಟ್ರಂಕಿನಿಂದ ಸೀರೆಯ ಮಡಿಕೆಯಲ್ಲಿಟ್ಟಿದ್ದ ಮೂರು ವೀಸೀಡಿ ತೆಗೆದರು. ಮೂರನೆಯದರಲ್ಲಿ ತಂದೆಯವರ ಮಾತು ಪೂರ್ತಿಯಾಗಿತ್ತು. ಮುಖ ಅಲ್ಲಲ್ಲಿ ಚೌಕ ಚೌಕವಾಗಿ ಒಡೆದರೂ ದನಿ ಸ್ಪಷ್ಟ. ನನ್ನ ಮಗಳು ವಿಜಾಪುರದ ಕನ್ನಡವನ್ನು ಅಜ್ಜನ ಬಾಯಿಂದ ಕೇಳಿದ್ದು ಅಂದೇ. ಉಳಿಸಿದ್ದು ಉತ್ತಮ ತಟ್ಟೆಯಲ್ಲ, ಎರಡನೆಯ ಪ್ರತಿ.

ಗೆದ್ದ ಬ್ಲೂ-ರೇಯಾದರೂ ಶಾಶ್ವತವಾಯಿತೇ? ಜನ ಇಂಟರ್ನೆಟ್ಟಿನಲ್ಲಿ ಚಿತ್ರ ನೋಡತೊಡಗಿದರು. ಅಂಚೆಯಲ್ಲಿ ತಟ್ಟೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಅದನ್ನು ನಿಲ್ಲಿಸಿತು. ಮನೆಯಲ್ಲಿ ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿಯೇ 2025ರ ಫೆಬ್ರವರಿಯಲ್ಲಿ ಮುಗಿಸಿತು. ನಮ್ಮ ರಾಷ್ಟ್ರಕೂಟರು ಎಲ್ಲೋರದ ಬಂಡೆಯಲ್ಲಿ ಕಡೆದದ್ದು 1200 ವರ್ಷ ನಿಂತಿದೆ. ಪ್ಲಾಸ್ಟಿಕ್ಕಿಗೆ ಆ ಭಾಗ್ಯವಿಲ್ಲ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ಲೇಯರ್ ಇನ್ನೂ ನಡೆಯುತ್ತಿರುವಾಗಲೇ ಆ ರಟ್ಟಿನ ಪೆಟ್ಟಿಗೆಯನ್ನು ಇಳಿಸಿರಿ. ತಟ್ಟೆಯಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ತೆಗೆದಿಟ್ಟು, ಇನ್ನೊಂದು ಪ್ರತಿಯನ್ನು ಬೇರೆ ಊರಿನ ನೆಂಟರಲ್ಲಿ ಇಡಿರಿ. ವರ್ಷಕ್ಕೊಮ್ಮೆ, ಬೇಕಾದರೆ ಯುಗಾದಿಯ ದಿನ, ತೆರೆದು ನೋಡಿರಿ. ಸಂಘದ ಹಳೆಯ ರಾಜ್ಯೋತ್ಸವಗಳ ಕ್ಯಾಸೆಟ್ಟು, ಸೀಡಿಗಳು ಯಾರಲ್ಲಾದರೂ ಇದ್ದರೆ ದಯವಿಟ್ಟು ತನ್ನಿರಿ. ಭಾನುವಾರಗಳಲ್ಲಿ ಕುಳಿತು ನಕಲು ಮಾಡಿಕೊಡಲು ನಾನು ಸಿದ್ಧನಿದ್ದೇನೆ.