ಅವ್ವನ ಅಕಾರ

ಮಳವಳ್ಳಿ ಕಡೆಯ ನಮ್ಮವ್ವ ಆಡುತ್ತಿದ್ದ ಮಾತುಗಳನ್ನು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದೆ. ಹೊತ್ತಾರೆ, ಹಟ್ಟಿ, ಹೈದ, ಹೀಗೆ ಆರುನೂರು ಚಿಲ್ಲರೆ. ಮದ್ದೂರಿನಿಂದ ಮಂಡ್ಯಕ್ಕೆ ವರ್ಗವಾದಾಗ ಪಾತ್ರೆ ಮೂಟೆಯ ಜೊತೆ ಅದೂ ಬಂತು. ಹೋದ ಬೇಸಿಗೆಯಲ್ಲಿ ಮಗಳು ಅದನ್ನು ಕಂಪ್ಯೂಟರಿಗೆ ಏರಿಸಲು ಕುಳಿತಳು. ಎರಡು ವಾರ ಟೈಪು ಮಾಡಿದ್ದು ಕೊನೆಗೆ ತೆರೆಯಲೇ ಇಲ್ಲ. ಎಲ್ಲೋ ಒಂದು ಕಡೆ ಮುಚ್ಚುವ ಗುರುತು ಬಿಟ್ಟುಹೋಗಿತ್ತಂತೆ!

"ಒಂದು ತಪ್ಪಿಗೆ ಇಡೀ ಉತ್ತರಪತ್ರಿಕೆಗೇ ಸೊನ್ನೆಯೇನೇ?" ಎಂದೆ.

"ನೀನು ಹಾಕುತ್ತಿರಲಿಲ್ಲವೇನಮ್ಮ?" ಎಂದಳು. ನಾನು ಬಾಯಿ ಮುಚ್ಚಿಕೊಂಡೆ.

ಎಕ್ಸ್‌ಎಂಎಲ್ ಎಂಬ ಈ ಗುರುತಿನ ಭಾಷೆಯ ನಿಯಮಗಳು ಹೊರಬಂದದ್ದು 1998ರ ಫೆಬ್ರವರಿ 10ರಂದು. ಅದಕ್ಕೂ ಮೊದಲು ವೆಬ್ ಪುಟದಲ್ಲಿ ತಪ್ಪಿದ್ದರೂ ಬ್ರೌಸರು ಹೇಗೋ ಊಹಿಸಿ ತೋರಿಸುತ್ತಿತ್ತು, ಒಂದೊಂದು ಒಂದೊಂದು ಬಗೆಯಲ್ಲಿ. ಇಲ್ಲಿ ಆ ಊಹೆಗೆ ಎಡೆಯಿಲ್ಲ; ರಚನೆ ಕೆಟ್ಟಿತೆಂದರೆ ಓದು ಅಲ್ಲಿಗೇ ನಿಲ್ಲಬೇಕು. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ, ಒಳಗಿನದಕ್ಕೆ ಮುಚ್ಚಳ ಹಾಕದೆ ಹೊರಗಿನದನ್ನು ಮುಚ್ಚುವಂತಿಲ್ಲ. ಎಲ್ಲವನ್ನೂ ಒಳಗೊಂಡ ದೊಡ್ಡ ಡಬ್ಬಿ ಒಂದೇ ಇರಬೇಕು.

ಹೆಸರಿಡುವುದರಲ್ಲೂ ಮಡಿಯುಂಟು. ಎಕ್ಸ್, ಎಂ, ಎಲ್ ಅಕ್ಷರಗಳಿಂದ ಶುರುವಾಗುವ ಹೆಸರುಗಳು ಮೀಸಲು. ಇಟ್ಟರೆ ಕಡತ ಕೆಡುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಮಳವಳ್ಳಿ ಬಸ್ಸಿನಲ್ಲಿ ಮಹಿಳೆಯರ ಸೀಟಿನ ಹಾಗೆ: ಗಂಡಸು ಕೂತನೆಂದು ಬಸ್ಸು ನಿಲ್ಲುವುದಿಲ್ಲ, ಆದರೆ ಮುಂದೆ ಹಕ್ಕಿನವರು ಹತ್ತಿದರೆ ಏಳಬೇಕು. ನಿಯಮ ಮಾಡಿದವರು ತಮ್ಮ ಮುಂದಿನ ಅಗತ್ಯಕ್ಕೆ ಟವೆಲ್ ಹಾಕಿಟ್ಟಿದ್ದಾರೆ, ಅಷ್ಟೆ.

ನನಗೆ ಹಿಗ್ಗಾದದ್ದು ಬೇರೆ ವಿಷಯಕ್ಕೆ. 1998ರ ಆ ಪಟ್ಟಿಯಲ್ಲೇ ಕನ್ನಡ ಅಕ್ಷರಗಳೂ ಇದ್ದವು. ಗುರುತುಗಳಿಗೆ 'ಪದ', 'ಅರ್ಥ' ಎಂದೇ ಹೆಸರಿಡಬಹುದಿತ್ತು. ಹೆಸರಿನ ಮೊದಲಿಗೆ ಕನ್ನಡ ಅಂಕಿ ಬರಕೂಡದು, ಕೊಂಬು ದೀರ್ಘಗಳಂಥ ಚಿಹ್ನೆಯೂ ಬರಕೂಡದು. ನಾವು ಒಂದನೇ ತರಗತಿಯಲ್ಲಿ ಹೇಳಿಕೊಡುವುದೂ ಇದನ್ನೇ ತಾನೆ? 2008ರ ಐದನೇ ಆವೃತ್ತಿಯಲ್ಲಿ ಕಟ್ಟು ಸಡಿಲಿಸಿದರು. ಈಗ ನಿಯಮದ ಮಟ್ಟಿಗೆ ಬರಿಯ ದೀರ್ಘದಿಂದಲೂ ಹೆಸರು ಶುರುವಾಗಬಹುದಂತೆ. ಯಾವ ಕನ್ನಡ ಮೇಷ್ಟರೂ ಒಪ್ಪುವ ಮಾತಲ್ಲ!

ಬಿಟ್ಟುಹೋದ ಗುರುತು ಕೊನೆಗೆ 'ಹೈದ'ನ ಹತ್ತಿರ ಸಿಕ್ಕಿತು. ಮುಚ್ಚಿದೊಡನೆ ಕಡತ ತೆರೆಯಿತು. ಗುರುತುಗಳ ನಡುವೆ ಬರೆದ ಪದ ಶುದ್ಧವೋ ಅಶುದ್ಧವೋ ಎಂದು ಅದು ಕೇಳುವುದೇ ಇಲ್ಲ ಎಂದಳು ಮಗಳು, ಡಬ್ಬಿ ನೆಟ್ಟಗಿದ್ದರೆ ಸಾಕು.

ಆಗ ಹೊಳೆಯಿತು. ಅವ್ವ ಯಾವತ್ತೂ 'ಹೈದ' ಅಂದವಳಲ್ಲ. 'ಐದ' ಅನ್ನುತ್ತಿದ್ದಳು. 'ಒತ್ತಾರೆ', 'ಅಟ್ಟಿ'. ಬರೆದುಕೊಳ್ಳುವಾಗಲೇ ಟೀಚರಮ್ಮ ಎಲ್ಲಕ್ಕೂ ಹಕಾರ ಸೇರಿಸಿ ತಿದ್ದಿಟ್ಟಿದ್ದಳು.

ಈಗ ದಿನವೂ ಸಂಜೆ ಕೆಂಪು ಪೆನ್ನು ಹಿಡಿದು, ನಾನು ತಿದ್ದಿದ್ದನ್ನೆಲ್ಲ ಹಿಂದಕ್ಕೆ ತಿದ್ದುತ್ತಿದ್ದೇನೆ. ಅವ್ವ ಹೋಗಿ ಹನ್ನೊಂದು ವರ್ಷ. ಕೆಲವು ಪದಗಳ ಮುಂದೆ ಪೆನ್ನು ಹಾಗೇ ನಿಲ್ಲುತ್ತದೆ.