ಇಪ್ಪತ್ತು ನಿಮಿಷದ ಸಮುದ್ರ

ನಮ್ಮಮ್ಮ ಸಮುದ್ರ ನೋಡಿರುವುದು ಒಟ್ಟು ಮೂರು ಸಲ. ಮೂರನ್ನೂ ಕೂಡಿಸಿದರೂ ಒಂದು ಗಂಟೆ ದಾಟುವುದಿಲ್ಲ. ಬರುವ ಜನವರಿಯಲ್ಲಿ ಅವಳನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತೇನೆ, ನಾಲ್ಕು ದಿನ ಅಲ್ಲೇ ಇರೋಣ ಅಂದಾಗ ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿಂದ ಮುಂದೆ ಎಲ್ಲಿಗೆ ಕಣೇ?"

ಬೆಂಗಳೂರಿನ ರಾಜಾಜಿನಗರದಲ್ಲಿ ಬಾಳಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಟೂರ್ ಅಂದರೆ ನಮಗೆ ಮುಂದೆ ಮುಂದೆ ಹೋಗುವುದು.

1949ರಲ್ಲಿ ಅಡಿಗಲ್ಲು ಬಿದ್ದ ಈ ಬಡಾವಣೆ ಕಾರ್ಖಾನೆಗಳ ಜೊತೆಜೊತೆಗೇ ಬೆಳೆಯಿತು. ಸ್ಯಾಂಡಲ್ ಸೋಪ್ ಫ್ಯಾಕ್ಟರಿ 1957ರಲ್ಲಿ ಈ ಕಡೆಗೆ ಬಂತು. ಸುತ್ತ ಮಿಲ್ಲುಗಳು, ಲೇತ್ ಶೆಡ್ಡುಗಳು. ಕೆಲಸಕ್ಕೆಂದು ಬಂದವರು ತುಮಕೂರು, ಮಂಡ್ಯ, ಹಾಸನ, ಕೋಲಾರ ಕಡೆಯ ಹಳ್ಳಿಯವರು. ಕೆರೆ, ಬಾವಿ ಕಂಡವರೇ ಹೊರತು ಸಮುದ್ರ ಕಂಡವರಲ್ಲ. ಚಿಕ್ಕವಳಿದ್ದಾಗ ನನಗೂ ಸಮುದ್ರ ಅಂದರೆ ರೈಲ್ವೆ ಸ್ಟೇಷನ್ನಿನ ಹಳದಿ ಫಲಕದ ಮೇಲೆ ಬರೆದಿರುತ್ತಿದ್ದ ಒಂದು ಅಂಕಿ. ನಾವು ಅದಕ್ಕಿಂತ ಇಷ್ಟು ಮೀಟರ್ ಮೇಲಿದ್ದೇವೆ, ಅಷ್ಟೆ.

1984ರ ದಸರಾ ರಜೆಯಲ್ಲಿ ನಮ್ಮ ಬೀದಿಯ ಟೂರ್ ಹೊರಟಿತು. ವರ್ಷವಿಡೀ ತಿಂಗಳಿಗೆ ಹತ್ತು ರೂಪಾಯಿಯಂತೆ ಚೀಟಿ ಕಟ್ಟಿ ಕೂಡಿಟ್ಟ ದುಡ್ಡು. ನಡೆಸುತ್ತಿದ್ದವರು ಪಕ್ಕದ ಮನೆ ಮಾವ, ಲೇತ್ ಕೆಲಸದವರು. ಆಯುಧಪೂಜೆ ಮುಗಿಸಿದ ಮಾರನೆಯ ರಾತ್ರಿ ಬೀದಿ ಕೊನೆಯಲ್ಲಿ ಬಸ್ಸು ನಿಂತಿತು. ಡಬ್ಬಗಳಲ್ಲಿ ಚಕ್ಕುಲಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಶಿರಾಡಿ ಘಾಟಿಗೆಂದು ಎಲ್ಲರ ಕೈಗೂ ಒಂದೊಂದು ನಿಂಬೆಹಣ್ಣು. ತಿರುವು ಶುರುವಾದ ಮೇಲೆ ಅದನ್ನು ಉಗುರಿನಿಂದ ಗೀರಿ ಮೂಸುತ್ತಾ ಕೂರಬೇಕು. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು. ಎಲ್ಲ ಮುಗಿದ ಮೇಲೆ ಗೋಕರ್ಣ.

ಗೋಕರ್ಣದಲ್ಲಿ ಕ್ರಮವಿದೆ. ಮೊದಲು ಸಮುದ್ರಸ್ನಾನ, ಆಮೇಲೆ ಕೋಟಿತೀರ್ಥ, ಗಣಪತಿ, ಕೊನೆಗೆ ಮಹಾಬಲೇಶ್ವರನ ದರ್ಶನ. ಸಮುದ್ರ ಅಂದರೆ ದೇವಸ್ಥಾನದ ಬಾಗಿಲಲ್ಲಿ ಕಾಲು ತೊಳೆಯುವ ನೀರಿದ್ದ ಹಾಗೆ. ಮಾವನ ಕೊರಳಲ್ಲಿ ಒಂದು ಸೀಟಿ ಇತ್ತು. ನಾವೆಲ್ಲ ಮಂಡಿಯುದ್ದ ನೀರಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದೆವು. ಅಮ್ಮ ಸೀರೆಯಲ್ಲೇ ಮೂರು ಮುಳುಗು ಹಾಕಿ ಎದ್ದಳು, ಬಾಯಿಗೆ ಹೋದ ಉಪ್ಪುನೀರನ್ನು ಉಗುಳದೆ ನುಂಗಿದಳು. ತೀರ್ಥ ಅಲ್ಲವೇ. ಇನ್ನೊಂದು ಅಲೆ ಬರಲಿ ಎಂದು ತಿರುಗುವಷ್ಟರಲ್ಲಿ ಸೀಟಿ ಕೂಗಿತು. ಇಪ್ಪತ್ತು ನಿಮಿಷ. ಇಬ್ಬರು ಅಡ್ಡ ಹಿಡಿದ ಬೆಡ್‌ಶೀಟಿನ ಹಿಂದೆ ಹೆಂಗಸರು ಒದ್ದೆ ಬಟ್ಟೆ ಬದಲಾಯಿಸಿದರು. ಸೀರೆಯ ನೆರಿಗೆಯಲ್ಲಿ ಸೇರಿದ್ದ ಮರಳು ಊರಿಗೆ ಬಂದು ಎರಡು ಸಲ ಒಗೆದರೂ ಹೋಗಿರಲಿಲ್ಲ.

ಆ ಸೀಟಿಯ ಮೇಲೆ ನನಗೆ ಬಹಳ ಕಾಲ ಸಿಟ್ಟಿತ್ತು. ಈಗ ಇಲ್ಲ. ಐವತ್ತು ಜನರಲ್ಲಿ ಈಜು ಬರುತ್ತಿದ್ದವರು ಒಬ್ಬರೂ ಇರಲಿಲ್ಲ. ದಾರಿಯುದ್ದಕ್ಕೂ ತಲೆ ಎಣಿಸುತ್ತಿದ್ದ ಆ ಮನುಷ್ಯ, ದಡದಲ್ಲಿ ಮಾತ್ರ ಎರಡೆರಡು ಸಲ ಎಣಿಸಿದ್ದರು.

ದಾರಿ ಬದಲಾದದ್ದು ನಿಧಾನವಾಗಿ. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಬಂದಿತ್ತು, ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ 57 ಸುರಂಗ. ತೊಂಬತ್ತರ ದಶಕದಲ್ಲಿ ಗೇಜ್ ಬದಲಿಸಲು ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ, 1998ರಲ್ಲೇ, ಕೊಂಕಣ ರೈಲ್ವೆ ಗೋಕರ್ಣದ ಪಕ್ಕಕ್ಕೇ ಬಂದಿತ್ತು. 2017ರಲ್ಲಿ ಕುಣಿಗಲ್ ಮೇಲಿನ ಹಾಸನದ ಹಳಿಯೂ ತೆರೆಯಿತು. ಈಗ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್.

ನಮ್ಮ ಕಣ್ಣು ತೆರೆಸಿದವರು ಮಾತ್ರ ರೈಲಿನವರಲ್ಲ, ಕರಾವಳಿಯವರೇ. ನವರಂಗ್ ಟಾಕೀಸಿನ ಹತ್ತಿರ ರಾತ್ರಿ ಉಡುಪಿ, ಕುಂದಾಪುರದ ಬಸ್ಸಿಗೆ ಕಾಯುತ್ತಾರಲ್ಲ, ಹೋಟೆಲ್ ಕೆಲಸದವರು, ಓದುವ ಹುಡುಗರು, ಅವರು ಸಮುದ್ರ ಅನ್ನುವುದಿಲ್ಲ, ಕಡಲು ಅನ್ನುತ್ತಾರೆ. ನಮ್ಮ ಎದುರುಮನೆಗೆ ಬಂದ ಕುಮಟಾದ ಹೆಂಗಸೊಬ್ಬರು ಹೇಳಿದ್ದು ನನಗೆ ನೆನಪಿದೆ: ಕಡಲನ್ನು ನೋಡಲು ಹೋಗಬಾರದು, ಸುಮ್ಮನೆ ಅದರ ಮುಂದೆ ಕೂರಬೇಕು, ಭರತ ಏರಿ ಇಳಿಯುವವರೆಗೆ ಕೂತರೆ ಒಂದು ದಡದಲ್ಲೇ ಎರಡು ದಡ ಕಾಣುತ್ತದೆ.

ಜನವರಿ ಆರಿಸಿದ್ದೂ ಅವರ ಮಾತಿನ ಮೇಲೆಯೇ. ಜೂನ್–ಜುಲೈನ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ. ಸೆಪ್ಟೆಂಬರ್‌ವರೆಗೂ ನೀರು ಒರಟು. ಮಾರ್ಚ್ ಬಂದರೆ ಸೆಕೆ. ಶಿವರಾತ್ರಿಯ ಹೊತ್ತಿಗೆ ತೇರಿನ ಜನಜಂಗುಳಿ, ಅಮ್ಮನಿಗೆ ನಿಲ್ಲಲಾಗದು. ದರ್ಶನ ಮೊದಲ ದಿನವೇ ಮುಗಿಸುತ್ತೇವೆ, ಇಲ್ಲದಿದ್ದರೆ ಅವಳ ಮನಸ್ಸು ದಡದಲ್ಲಿ ನಿಲ್ಲುವುದಿಲ್ಲ. ಆಮೇಲೆ ಮೂರು ದಿನ ಎಲ್ಲಿಗೂ ಇಲ್ಲ. ಮುರುಡೇಶ್ವರ ಹತ್ತಿರವೇ ಇದೆ, ಇಡಗುಂಜಿಯೂ ಇದೆ. ಎರಡನ್ನೂ ನಾನೇ ಪಟ್ಟಿಯಿಂದ ಹೊಡೆದುಹಾಕಿದೆ. ಕೈ ಸ್ವಲ್ಪ ತಡೆಯಿತು.

ಅಮ್ಮನಿಗೆ ಮಂಡಿನೋವು, ಮರಳಲ್ಲಿ ಕೂತರೆ ಏಳಲಾರಳು. ಕಳೆದ ವಾರ ವಿಜಯನಗರದಲ್ಲಿ ಒಂದು ಮಡಚುವ ಕುರ್ಚಿ ತಂದೆ. ಗಟ್ಟಿ ಇದೆಯೋ ನೋಡುತ್ತೇನೆ ಅಂತ ಅವಳೇ ತಾರಸಿಗೆ ತರಿಸಿಕೊಂಡಳು. ಪಡುವಣಕ್ಕೆ ಮುಖಮಾಡಿ ಕೂತಳು. ಕಾಫಿ ಕೊಟ್ಟು ಬಂದೆ. ಲೋಟ ತರಲು ಮತ್ತೆ ಹತ್ತಿದಾಗ ಕತ್ತಲಾಗಿತ್ತು, ಅವಳಿನ್ನೂ ಎದ್ದಿರಲಿಲ್ಲ.